ಟವರ್ ಹೋದಾಗ ವಾಕಿಟಾಕಿ ಸಾಕಾ?

ಶೃಂಗೇರಿ ಕಡೆ ಮಳೆಗೆ ಕರೆಂಟು, ಟವರ್ ಎರಡೂ ಹೋದ್ರೆ ಆನ್‌ಲೈನಲ್ಲಿ ಸಿಗೋ ವಾಕಿಟಾಕಿ ಇಟ್ಕೊಂಡು 25 ಕಿಮೀ ದೂರದ ಪೇಟೆಗೆ ಮಾತಾಡ್ಬಹುದಾ ಅಂತ ಕೇಳಿದೀರಿ. ಕಷ್ಟ ಸರ್. 5 ವ್ಯಾಟಿನ ಆ ವಿಎಚ್‌ಎಫ್ ಸೆಟ್ಟಿಗೆ (ಅದರ ಅಲೆ ಹೆಚ್ಚುಕಮ್ಮಿ ನೇರಕ್ಕೆ ಹೋಗೋದು) ಮಧ್ಯ ಒಂದು ಗುಡ್ಡ ಅಡ್ಡ ಬಂತೋ ಮುಗೀತು, ಎತ್ತರದಲ್ಲಿ ಬ್ಯಾಟರಿ ಮೇಲೆ ನಡಿಯೋ ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ಕಳಿಸೋ ಸೆಟ್ಟು) ಇದ್ರೆ ಮಾತ್ರ ದಾಟುತ್ತೆ.

ಮಲೆನಾಡಿಗೆ ನನ್ ಪ್ರಕಾರ ಎಚ್‌ಎಫ್, ಅಂದ್ರೆ ಶಾರ್ಟ್‌ವೇವಿನ ಹ್ಯಾಮ್ (ಹವ್ಯಾಸಿ) ರೇಡಿಯೊ ಸೆಟ್ ವಾಸಿ. ಆಂಟೆನಾ ಹೀಗೆ: 40 ಮೀಟರ್ ಬ್ಯಾಂಡಿಗೆ (ಅಲೆಯ ಉದ್ದ ಸುಮಾರು 40 ಮೀಟರ್) ಒಟ್ಟು ಸುಮಾರು 20 ಮೀಟರ್ ತಂತಿ ತಗೊಂಡು, ನಡುವೆ ಕತ್ತರಿಸಿ ಅಲ್ಲಿಂದ ಸೆಟ್ಟಿಗೆ ಕೋಆಕ್ಸ್ ಕೇಬಲ್ (ಟಿವಿ ಕೇಬಲ್ ಥರದ್ದು) ಇಳಿಸಿ, ಎರಡೂ ತುದಿ ನೈಲಾನ್ ಹಗ್ಗದಲ್ಲಿ ಅಡಿಕೆ ಮರಕ್ಕೆ ಕಟ್ಟಿ, ತುಂಬ ಎತ್ತರ ಬೇಡ, ಐದಾರು ಮೀಟರ್ ಸಾಕು, ಆಗ ಸಿಗ್ನಲ್ ನೆಟ್ಟಗೆ ಮೇಲೆ ಹೋಗಿ ಅಯಾನುಗೋಳಕ್ಕೆ (ಆಕಾಶದಲ್ಲಿ ರೇಡಿಯೊ ಅಲೆ ವಾಪಸ್ ಕಳಿಸೋ ಪದರ) ತಾಗಿ ಕೊಡೆ ಬಿಚ್ಚಿದಂಗೆ ಸುತ್ತಲೂ ಇಳಿಯುತ್ತೆ, ಗುಡ್ಡದ ಗೊಡವೆನೇ ಇಲ್ಲ. ರಾತ್ರಿ 80 ಮೀಟರಿಗೆ ಹೋಗ್ಬೇಕಾಗ್ಬಹುದು, ಅದಕ್ಕೆ ಉದ್ದದ ತಂತಿ ಬೇರೆ ಬೇಕು. ಕರೆಂಟಿಗೆ 12 ವೋಲ್ಟ್ ಕಾರ್ ಬ್ಯಾಟರಿ. ಗುಡುಗು ಶುರುವಾದ್ರೆ ಕೇಬಲ್ ಕಳಚಿಡಿ ಮಾರಾಯ್ರೆ.

ಲೈಸೆನ್ಸ್ ಇಲ್ದೆ ಮಾತ್ರ ಮುಟ್ಟಬೇಡಿ. ಹ್ಯಾಮ್‌ಗಳಿಗಿರೋ ಎಎಸ್‌ಒಸಿ ಪರೀಕ್ಷೆ ಪಾಸಾಗ್ಬೇಕು, ಅದರಲ್ಲಿ ಕೆಳಗಿನ ದರ್ಜೆಯಾದ ರಿಸ್ಟ್ರಿಕ್ಟೆಡ್ ಗ್ರೇಡಿಗೆ ಮೋರ್ಸ್ (ಚುಕ್ಕೆ-ಗೆರೆ ಸಂಕೇತ) ಬೇಡ, 12 ವರ್ಷ ಆದವರೂ ಬರೀಬಹುದು. ಆ ತುದೀಲೂ ಒಬ್ಬ ಹ್ಯಾಮ್ ಬೇಕಲ್ಲ, ಪೇಟೆ ಆಸ್ಪತ್ರೆ ಹತ್ರ ಇರೋ ಆಸಕ್ತಿಯವರು ಯಾರನ್ನಾದ್ರೂ ಜೊತೆಗೆ ಪರೀಕ್ಷೆಗೆ ಕೂರಿಸಿ, ಆಮೇಲೆ ಭಾನುವಾರ ಒಂದು ಟೈಮ್ ಇಟ್ಕೊಂಡು ಇಬ್ರೂ ಪ್ರಾಕ್ಟೀಸ್ ಮಾಡಿ.