ನೆರಳು ಮರ ಕಡಿಯುವ ಮೊದಲು ವಿಯೆಟ್ನಾಂನ ಪೂರ್ತಿ ಲೆಕ್ಕ ನೋಡಿ

ವಿಯೆಟ್ನಾಂ ಕೃಷಿಯ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಊರಿನ ಹೆಸರು ಮಾತ್ರ ಬೇರೆ. ಯಾರೋ ಹತ್ತು ನಿಮಿಷದ ವಿಡಿಯೊ ಹಾಕುತ್ತಾರೆ, ಮರುದಿನ ಹತ್ತು ಜನ ಬರೆಯುತ್ತಾರೆ. ಆದ್ದರಿಂದ ಈ ಸಲ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಕಾಫಿಯ ಎರಡು ಬಗೆಗಳಲ್ಲಿ ರೋಬಸ್ಟಾ ಯಾವುದು, ಅರೇಬಿಕಾ ಯಾವುದು ಅನ್ನುವುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಗೊತ್ತಿಲ್ಲದವರು ಪಕ್ಕದ ತೋಟದವರನ್ನು ಕೇಳಿಕೊಳ್ಳಿ.

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರ ರೋಬಸ್ಟಾ ತೋಟ. ವಿಯೆಟ್ನಾಂನಲ್ಲಿ ಎಕರೆಗೆ ನಮ್ಮ ಎರಡು ಪಟ್ಟು ಕಾಫಿ ತೆಗೆಯುತ್ತಾರಂತೆ. ಅಲ್ಲಿ ನೆರಳು ಮರವೇ ಇಲ್ಲವಂತೆ. ನಾವೂ ಮರ ತೆಗೆದು, ಅವರ ತಳಿ ತಂದು ಹಾಗೇ ಬೆಳೆಯಬಹುದಲ್ಲ? ಅವರ ಗುಟ್ಟೇನು?

ಎರಡು ಪಟ್ಟು ಅನ್ನುವುದು ಸುಳ್ಳಲ್ಲ. ಅಲ್ಲಿ ಹೆಕ್ಟೇರಿಗೆ ಎರಡೂವರೆ ಟನ್ನಿಗಿಂತ ಜಾಸ್ತಿ ಬರುತ್ತದೆ, ನಮ್ಮ ರೋಬಸ್ಟಾ ಸರಾಸರಿ ಒಂದು ಟನ್ನಿನ ಆಸುಪಾಸು. ಆದರೆ ‘ಗುಟ್ಟು’ ಅಂದ ಕೂಡಲೇ ನನಗೆ ಸಿಟ್ಟು ಬರುತ್ತದೆ. ಗುಟ್ಟು ಇದೆ ಎಂದು ನಂಬಿದವರಿಗೆ ಬಾಟಲಿಯಲ್ಲಿ ಏನಾದರೂ ಮಾರಬಹುದು. ಮಾರುತ್ತಲೂ ಇದ್ದಾರೆ.

ತಳಿಯ ವಿಷಯ ಮೊದಲು ಮುಗಿಸುತ್ತೇನೆ. ವಿಯೆಟ್ನಾಂನ ಕಾಫಿ ಸೀಮೆಯ ಬುವಾನ್ ಮಾ ಥುವೊತ್‌ ಪಟ್ಟಣದ ಸಂಶೋಧನಾ ಸಂಸ್ಥೆ ಟಿಆರ್‌4, ಟಿಆರ್‌9 ಎಂಬ ಒಳ್ಳೆಯ ರೋಬಸ್ಟಾ ತಳಿಗಳನ್ನು ಕೊಟ್ಟಿದೆ, ನಿಜ. ಆದರೆ ವಿಯೆಟ್ನಾಂ ಕಾಫಿ ಮೇಲೆದ್ದದ್ದು 1990ರ ದಶಕದಲ್ಲಿ. ಆಗ ತೋಟಗಳಲ್ಲಿ ಇದ್ದದ್ದು ಬಹುತೇಕ ಬೀಜದಿಂದ ಎಬ್ಬಿಸಿದ ಸಾಮಾನ್ಯ ಸಸಿ. ನಮ್ಮ ಬಾಳೆಹೊನ್ನೂರು ಕಾಫಿ ಸಂಶೋಧನಾ ಕೇಂದ್ರದ ಸಿ×ಆರ್ ರೋಬಸ್ಟಾ ತಳಿ ಅದಕ್ಕಿಂತ ಕಳಪೆ ಅಂತ ಯಾರೂ ಹೇಳಲಾರರು. ಹಾಗಿದ್ದರೆ ಬದಲಾದದ್ದು ಏನು? ಅದನ್ನು ತಿಳಿಯಲು ಕಾಫಿ ಬಿಟ್ಟು ಭತ್ತದ ಗದ್ದೆಗೆ ಇಳಿಯಬೇಕು.

ಯುದ್ಧ ಮುಗಿದ ಮೇಲೆ ದೇಶದ ಜಮೀನನ್ನೆಲ್ಲ ಸಹಕಾರಿ ಬೇಸಾಯಕ್ಕೆ ಸೇರಿಸಲು ಹೊರಟರು. ಉತ್ತರದಲ್ಲಿ ಅದು ಮೊದಲೇ ನಡೆದಿತ್ತು. ದುಡಿದ ದಿನಕ್ಕೆ ಅಂಕ, ಅಂಕಕ್ಕೆ ತಕ್ಕಂತೆ ಧಾನ್ಯ. ಮನೆ ಬಳಕೆಗೆ ಅಂತ ಶೇ 5ರಷ್ಟು ಜಾಗ ಕುಟುಂಬಕ್ಕೆ ಬಿಟ್ಟಿದ್ದರು. ತಮಾಷೆ ಎಂದರೆ ಮನೆಯ ಆದಾಯದ ದೊಡ್ಡ ಪಾಲು ಆ ತುಂಡಿನಿಂದಲೇ ಬರುತ್ತಿತ್ತು. ಉತ್ತರದ ವಿನ್ ಫುಕ್ ಪ್ರಾಂತ್ಯದ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿ ಕಿಮ್ ನ್ಯೋಕ್ ಎಂಬಾತ 1966ರಲ್ಲೇ ಇದನ್ನು ಗಮನಿಸಿ, ಗದ್ದೆಗಳನ್ನು ಮನೆಮನೆಗೆ ಗುತ್ತಿಗೆಗೆ ಬಿಟ್ಟರು. ಇಳುವರಿ ಏರಿತು. ಪಕ್ಷ ಅವರಿಗೆ ಛೀಮಾರಿ ಹಾಕಿ ಪದ್ಧತಿಯನ್ನು ನಿಲ್ಲಿಸಿತು. ಅವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ ಅದೇ ಸರ್ಕಾರ ಅವರಿಗೆ ದೊಡ್ಡ ಗೌರವ ಕೊಟ್ಟಿತು.

1986ರಲ್ಲಿ ಹಣದುಬ್ಬರ ಶೇ 700 ದಾಟಿತ್ತು. ಆ ಡಿಸೆಂಬರ್‌ನಲ್ಲಿ ಪಕ್ಷದ ಆರನೇ ಮಹಾಧಿವೇಶನ ‘ಡೊಯ್ ಮೊಯ್’ ಎಂಬ ಸುಧಾರಣೆಗೆ ಒಪ್ಪಿತು. ಹೊಲಕ್ಕೆ ಅದು ಮುಟ್ಟಿದ್ದು 1988ರ ಏಪ್ರಿಲ್‌ನಲ್ಲಿ, ‘ಹತ್ತನೇ ನಿರ್ಣಯ’ದ ಮೂಲಕ. ಬೇಸಾಯದ ಘಟಕ ಇನ್ನು ಸಹಕಾರ ಸಂಘವಲ್ಲ, ಕುಟುಂಬ. ಬೆಳೆದದ್ದನ್ನು ಮಾರುವ ಸ್ವಾತಂತ್ರ್ಯವೂ ಸಿಕ್ಕಿತು. ಅದೇ ವರ್ಷದ ಮೊದಲ ತಿಂಗಳುಗಳಲ್ಲಿ ಉತ್ತರದ ಪ್ರಾಂತ್ಯಗಳಲ್ಲಿ ಊಟಕ್ಕೇ ತತ್ವಾರವಾಗಿತ್ತು. 1989ರಲ್ಲಿ ವಿಯೆಟ್ನಾಂ ಸುಮಾರು 14 ಲಕ್ಷ ಟನ್ ಅಕ್ಕಿ ರಫ್ತು ಮಾಡಿತು. ಬೆಲೆ ನಿಯಂತ್ರಣ ಸಡಿಲವಾದದ್ದು, ಅವರ ನಾಣ್ಯ ಡಾಂಗ್‌ನ ಬೆಲೆ ಇಳಿಸಿದ್ದು ಎಲ್ಲ ಸೇರಿ ಆದದ್ದು ಇದು. ಮೆಕಾಂಗ್ ನದಿ ಬಯಲಿನ ನೀರು, ಮಣ್ಣು ಮೊದಲೂ ಇದ್ದವು ಅಲ್ವಾ?

1993ರ ಭೂ ಕಾನೂನು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಜಮೀನಿನ ಒಡೆತನ ಇವತ್ತಿಗೂ ಸರ್ಕಾರದ ಕೈಯಲ್ಲೇ ಇದೆ. ಆದರೆ ಬಳಸುವ ಹಕ್ಕನ್ನು ಮಾರಬಹುದು, ಅದಲು ಬದಲು ಮಾಡಬಹುದು, ಗುತ್ತಿಗೆಗೆ ಕೊಡಬಹುದು, ಮಕ್ಕಳಿಗೆ ಬಿಡಬಹುದು, ಬ್ಯಾಂಕಿನಲ್ಲಿ ಅಡ ಇಡಬಹುದು. ಆ ಕಾನೂನಿನಲ್ಲಿ ಹಕ್ಕಿನ ಅವಧಿ ಭತ್ತದಂಥ ಬೆಳೆಗೆ 20 ವರ್ಷ, ಕಾಫಿಯಂಥ ಬಹುವಾರ್ಷಿಕ ಬೆಳೆಗೆ 50 ವರ್ಷ ಇತ್ತು. ಕಾಫಿ ಗಿಡ ನೆಟ್ಟು ಮೂರು ವರ್ಷ ಕಾಯುವವನಿಗೆ ಈ 50 ವರ್ಷದ ಕಾಗದ ಎಷ್ಟು ದೊಡ್ಡದು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ ಕಾಫಿಗೆ ಬರೋಣ. ಫ್ರೆಂಚ್ ಪಾದ್ರಿಗಳು 1857ರಲ್ಲಿ ಗಿಡ ತಂದರು. ಆಮೇಲೆ ನೂರು ವರ್ಷಕ್ಕೂ ಮೇಲೆ ಅದು ಲೆಕ್ಕಕ್ಕೆ ಬರುವ ಬೆಳೆ ಆಗಿರಲಿಲ್ಲ. 1980ರ ಸುಮಾರಿಗೆ ಪೂರ್ವ ಜರ್ಮನಿ ತನ್ನ ಕಾಫಿ ಕೊರತೆ ನೀಗಿಸಿಕೊಳ್ಳಲು ಮಧ್ಯದ ಎತ್ತರದ ನಾಡಿನ ಡಾಕ್ ಲಾಕ್ ಪ್ರಾಂತ್ಯದಲ್ಲಿ ದುಡ್ಡು, ಯಂತ್ರ ಹಾಕಿ ತೋಟ ಮಾಡಿಸಿತು. ಫಸಲು ಕೈಗೆ ಬರುವ ಹೊತ್ತಿಗೆ ಆ ದೇಶವೇ ಇರಲಿಲ್ಲ! ತೋಟ ಮಾತ್ರ ಉಳಿಯಿತು. ಆಮೇಲೆ ಬಯಲು ಸೀಮೆಯಿಂದ, ಉತ್ತರದಿಂದ ಲಕ್ಷಾಂತರ ಜನ ಆ ಎತ್ತರದ ನಾಡಿಗೆ ಬಂದು ನೆಲೆಸಿದರು. ಸರ್ಕಾರ ಕರೆತಂದವರೂ ಇದ್ದರು, ತಾವಾಗಿ ಬಂದವರೂ ಇದ್ದರು. ಮನೆಗೆ ಒಂದೆರಡು ಹೆಕ್ಟೇರ್. 1994ರಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಕಾಫಿ ಗಿಡ ಕರಕಲಾಗಿ ಬೆಲೆ ಚಿಮ್ಮಿದಾಗ ಎಲ್ಲರೂ ಕಾಫಿ ನೆಟ್ಟರು. 1990ರಲ್ಲಿ ಒಂದು ಲಕ್ಷ ಟನ್ನೂ ಇರಲಿಲ್ಲ, 2000ದ ಹೊತ್ತಿಗೆ ಎಂಟು ಲಕ್ಷ ಟನ್. ಇಡೀ ಭಾರತದ ಇವತ್ತಿನ ಬೆಳೆಯೇ ಮೂರೂವರೆ ಲಕ್ಷ ಟನ್ ಆಸುಪಾಸು.

ಅದೇ ಕಾಲಕ್ಕೆ ನಾವೇನು ಮಾಡುತ್ತಿದ್ದೆವು? 1990ರ ದಶಕದ ಮೊದಲ ವರ್ಷಗಳವರೆಗೂ ನಮ್ಮ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನು ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ ಹಾಕಿ, ದುಡ್ಡು ಕಂತಿನಲ್ಲಿ ಬರುವುದನ್ನು ಕಾಯುತ್ತಿದ್ದರು. ಮುಕ್ತ ಮಾರಾಟ ಪೂರ್ತಿ ಸಿಕ್ಕಿದ್ದು 1996ರ ಹೊತ್ತಿಗೆ. ಹಿರಿಯ ಬೆಳೆಗಾರರನ್ನು ಕೇಳಿ ನೋಡಿ, ಪೂಲ್ ಬಗ್ಗೆ ಹೊಗಳುವವರೂ ಸಿಗುತ್ತಾರೆ, ಬೈಯುವವರೂ ಸಿಗುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಥವಿದೆ.

ಹೊಗಳುವವರ ಮಾತು ಯಾಕೆ ಸರಿ ಎಂದರೆ, ಎಲ್ಲರೂ ಒಟ್ಟಿಗೆ ನೆಟ್ಟರೆ ಬೆಲೆ ಬೀಳಲೇಬೇಕು. 2001ರ ಹೊತ್ತಿಗೆ ಬಿತ್ತು. ಡಾಕ್ ಲಾಕ್‌ನಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ಗಿಡ ಕಿತ್ತವರಿದ್ದಾರೆ. ಕೊಡಗು, ಚಿಕ್ಕಮಗಳೂರಿನವರಿಗೂ ಆ ವರ್ಷಗಳು ಮರೆತಿರಲಿಕ್ಕಿಲ್ಲ. ನಿಮ್ಮ ಸಾಲಕ್ಕೂ ವಿಯೆಟ್ನಾಂನವರ ಉತ್ಸಾಹಕ್ಕೂ ಆಗ ನೇರ ಸಂಬಂಧ ಇತ್ತು.

ಇನ್ನು ವಿಡಿಯೊದಲ್ಲಿ ತೋರಿಸದ ಸಂಗತಿಗಳು. ಆ ತೋಟಗಳಲ್ಲಿ ಬಹಳಷ್ಟು ಜಾಗ ಮೊದಲು ಕಾಡಾಗಿತ್ತು. ಎಡೆ, ಜರಾಯ್ ಮೊದಲಾದ ಬುಡಕಟ್ಟಿನವರು ತಲೆತಲಾಂತರದಿಂದ ಉಳುತ್ತಿದ್ದ ನೆಲ ವಲಸಿಗರ ಪಾಲಾಯಿತು. 2001ರ ಫೆಬ್ರುವರಿಯಲ್ಲಿ ಆ ಜನ ಬೀದಿಗಿಳಿದರು. ಜಮೀನು ಮತ್ತು ಧರ್ಮ, ಎರಡೂ ಆ ಗಲಾಟೆಯ ಹಿಂದಿದ್ದವು. ಸರ್ಕಾರ ಅದನ್ನು ಗಟ್ಟಿಯಾಗಿ ಹತ್ತಿಕ್ಕಿತು.

ನೀರಿನ ಕಥೆ ನಿಮಗೆ ಇನ್ನೂ ಹತ್ತಿರದ್ದು. ಅಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ ಇಲ್ಲ. ನೆರಳೂ ಇಲ್ಲ. ಗಿಡದ ಸುತ್ತ ಬಟ್ಟಲಿನಂತೆ ಪಾತಿ ಮಾಡಿ, ಹೂವಿನ ಕಾಲದಲ್ಲಿ ಮೂರ್ನಾಲ್ಕು ಸಲ ಪೈಪಿನಲ್ಲಿ ನೀರು ತುಂಬಿಸುತ್ತಾರೆ. ಜೊತೆಗೆ ಯೂರಿಯಾ ಧಾರಾಳ. ಇಳುವರಿಯ ‘ಗುಟ್ಟು’ ಇಷ್ಟೇ: ಬಿಸಿಲು, ನೀರು, ಗೊಬ್ಬರ, ಬಸಾಲ್ಟ್‌ನ ಆಳವಾದ ಕೆಂಪು ಮಣ್ಣು. ಬಾವಿಗಳನ್ನು ಆಳ ಮಾಡುತ್ತಾ ಹೋದರು. 2016ರ ಬರಗಾಲದಲ್ಲಿ ಆ ಬಾವಿಗಳೇ ಕೈಕೊಟ್ಟವು. ಗೊಬ್ಬರ ಸುರಿದ ಮಣ್ಣು ಹುಳಿಯಾಯಿತು. ಈಗ ಅಲ್ಲಿನ ಸಂಶೋಧಕರೇ ಬೆಳೆಗಾರರಿಗೆ ತೋಟದಲ್ಲಿ ಮರ ನೆಡಿ, ಮಿಶ್ರಬೆಳೆ ಮಾಡಿ ಅನ್ನುತ್ತಿದ್ದಾರೆ. ನೀವು ಇಲ್ಲಿ ಮರ ಕಡಿಯಲಾ ಅಂತ ನನ್ನನ್ನು ಕೇಳುತ್ತಿದ್ದೀರಿ!

ಅವರ ನೆಲ ಬಹುಪಾಲು ಪ್ರಸ್ಥಭೂಮಿ, ಏರಿಳಿತ ಕಡಿಮೆ. ನಿಮ್ಮದು ಇಳಿಜಾರು, ವರ್ಷದ ಮಳೆ ಮೂರು ತಿಂಗಳಲ್ಲಿ ಸುರಿಯುತ್ತದೆ. ನೆರಳು ತೆಗೆದರೆ ಮೇಲ್ಮಣ್ಣು ಹಳ್ಳಕ್ಕೆ ಹೋಗುತ್ತದೆ. ಸಿಲ್ವರ್ ಓಕ್ ಹೋದರೆ ಅದರ ಮೇಲಿನ ಕಾಳುಮೆಣಸೂ ಹೋಯಿತು. ಕಾಫಿ ಬೆಲೆ ಬಿದ್ದ ವರ್ಷಗಳಲ್ಲಿ ತೋಟ ಉಳಿಸಿದ್ದು ಯಾವುದು ಅಂತ ನಿಮ್ಮ ತಂದೆಯವರನ್ನು ಕೇಳಿ. ನಮ್ಮ ತೊಳೆದ ರೋಬಸ್ಟಾ, ಅಂದರೆ ಪಾರ್ಚ್‌ಮೆಂಟ್, ಲಂಡನ್ ಮಾರುಕಟ್ಟೆಯ ರೋಬಸ್ಟಾ ದರಕ್ಕಿಂತ ಹೆಚ್ಚಿಗೆ ಮಾರಾಟವಾಗುತ್ತದೆ. ಅವರದ್ದು ಬಹುಪಾಲು ಒಣಗಿಸಿದ ಕಾಫಿ, ಇನ್‌ಸ್ಟಂಟ್ ಕಾರ್ಖಾನೆಗೆ ಹೋಗುವಂಥದ್ದು. ಟನ್ನಿಗೆ ಟನ್ನು ಹೋಲಿಸುವುದೇ ತಪ್ಪು ಲೆಕ್ಕ. ಎಕರೆಗೆ ಖರ್ಚು ಕಳೆದು ಉಳಿದದ್ದೆಷ್ಟು, ಅದೂ ಹತ್ತು ವರ್ಷದ ಸರಾಸರಿ ಎಷ್ಟು ಅಂತ ನೋಡಿ.

ನೀವು ಮಾಡಬಹುದಾದದ್ದು ಇದೆ. ನೆರಳು ತೀರಾ ದಟ್ಟವಾಗಿದ್ದರೆ ಕೊಂಬೆ ಸವರಿ. ಕೆರೆ ಇದ್ದರೆ, ಕಾಫಿ ಹೂ ಅರಳಿಸುವ ಹೂ ಮಳೆ ತಪ್ಪಿದ ವರ್ಷಕ್ಕೆ ಸ್ಪ್ರಿಂಕ್ಲರ್ ಸಿದ್ಧ ಇಟ್ಟುಕೊಳ್ಳಿ. ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಹಾಕಿ. ಮುದಿ ಗಿಡಗಳನ್ನು ವರ್ಷಕ್ಕೆ ಸ್ವಲ್ಪ ಸ್ವಲ್ಪ ಬದಲಿಸಿ. ಹೊಸ ಬೋರ್‌ವೆಲ್ ಕೊರೆಸಿ ಅಂತ ಮಾತ್ರ ನಾನು ಹೇಳುವುದಿಲ್ಲ. ಈ ವಿಷಯದಲ್ಲಿ ನಾನು ಪುಕ್ಕಲ ಅಂತ ಬೇಕಾದರೆ ಅಂದುಕೊಳ್ಳಿ.

ಪ್ರಶ್ನೆ: ಮತ್ತೆ ಈಚೆಗೆ ರೋಬಸ್ಟಾ ಬೆಲೆ ಏಕೆ ಹಾಗೆ ಏರಿತು?

2024ರಲ್ಲಿ ಚೆರ್ರಿಯ, ಅಂದರೆ ಹಣ್ಣಿನ ಸಮೇತ ಒಣಗಿಸಿದ ಕಾಫಿಯ, 50 ಕೆಜಿ ಮೂಟೆ 10,000 ರೂಪಾಯಿ ದಾಟಿದ್ದಕ್ಕೆ ಒಂದು ಕಾರಣ ಅಲ್ಲಿನ ಬರ. ಇನ್ನೊಂದು ದುರಿಯನ್ ಹಣ್ಣು. 2022ರಲ್ಲಿ ಚೀನಾ ವಿಯೆಟ್ನಾಂನ ದುರಿಯನ್‌ಗೆ ಬಾಗಿಲು ತೆರೆಯಿತು. 2023ರಲ್ಲೇ ಆ ಹಣ್ಣಿನ ರಫ್ತು 200 ಕೋಟಿ ಡಾಲರ್ ದಾಟಿತು. ಕಾಫಿ ಕಿತ್ತು ದುರಿಯನ್ ನೆಟ್ಟವರು ಬಹಳ. ಮುಂದೆ ಏನಾಗುತ್ತದೆ ಅಂತ ಮೇಲಿನ 2001ರ ಕಥೆ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ವಿಯೆಟ್ನಾಂ ಕೃಷಿಯಿಂದಲೇ ಶ್ರೀಮಂತವಾಯಿತು ಅನ್ನುತ್ತಾರೆ. ನಿಜವೇ?

ಅರ್ಧ ನಿಜ. ಸುಧಾರಣೆ ಶುರುವಾದಾಗ ಜಿಡಿಪಿಯಲ್ಲಿ ಕೃಷಿಯ ಪಾಲು ಹತ್ತಿರ ಹತ್ತಿರ ಶೇ 40 ಇತ್ತು. ಈಗ ಶೇ 12ರ ಆಸುಪಾಸು. ಇದರಲ್ಲಿ ಮೀನುಗಾರಿಕೆ, ಅರಣ್ಯವೂ ಸೇರಿವೆ. ಪಾಲು ಇಳಿದದ್ದು ಬೇಸಾಯ ಸತ್ತದ್ದರಿಂದಲ್ಲ. ಬೇರೆಯದು ಅದಕ್ಕಿಂತ ಜೋರಾಗಿ ಬೆಳೆಯಿತು, ಅಷ್ಟೇ. 2024ರಲ್ಲಿ ಕೃಷಿ, ಅರಣ್ಯ, ಮೀನು ಎಲ್ಲ ಸೇರಿ ರಫ್ತು 6,200 ಕೋಟಿ ಡಾಲರ್ ದಾಟಿತು. ಆದರೆ ಫೋನ್, ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್ ರಫ್ತು ಅದರ ಎರಡರಷ್ಟು. ಸ್ಯಾಮ್‌ಸಂಗ್ 2009ರಲ್ಲಿ ಉತ್ತರದ ಬಾಕ್ ನಿನ್ ಪ್ರಾಂತ್ಯದಲ್ಲಿ ಫೋನ್ ತಯಾರಿಕೆ ಶುರು ಮಾಡಿದ ಮೇಲೆ ದೇಶದ ಲೆಕ್ಕವೇ ಬದಲಾಯಿತು.

ಆದರೆ ಆ ಕಾರ್ಖಾನೆಗೆ ಹೋಗುವ ಹುಡುಗಿಯ ಮನೆಯಲ್ಲಿ ಅಕ್ಕಿ ಇತ್ತು, ಅಕ್ಕಿ ಅಗ್ಗವಾಗಿತ್ತು, ಅಪ್ಪ ಅಮ್ಮ ಗದ್ದೆ ನೋಡಿಕೊಳ್ಳುತ್ತಿದ್ದರು. ಕೃಷಿ ಮಾಡಿದ ದೊಡ್ಡ ಕೆಲಸ ಅದು. 2021ರಲ್ಲಿ ಕೊರೊನಾದಿಂದ ಹೊ ಚಿ ಮಿನ್ ನಗರ ತಿಂಗಳುಗಟ್ಟಲೆ ಮುಚ್ಚಿತ್ತು. ಅಕ್ಟೋಬರ್‌ನಲ್ಲಿ ತೆರೆದ ಕೂಡಲೇ ಕೆಲಸಗಾರರು ಬೈಕ್ ಹತ್ತಿ ಮೆಕಾಂಗ್ ಕಡೆಯ ಊರುಗಳಿಗೆ ಓಡಿದರು. ಹಿಂತಿರುಗಲು ಊರು ಇತ್ತು. ಇನ್ನೊಂದು ಮುಖವೂ ಇದೆ: ದುಡಿಯುವವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನ ಇನ್ನೂ ಕೃಷಿಯಲ್ಲಿದ್ದಾರೆ, ಪಾಲು ಮಾತ್ರ ಶೇ 12. ಅಂದರೆ ಬೇಸಾಯಗಾರನ ಗಳಿಕೆ ಉಳಿದವರ ಸರಾಸರಿಯ ಅರ್ಧವೂ ಇಲ್ಲ. ಈ ಭಾಗ ಓದುವಾಗ ನಮ್ಮ ಕಡೆಯವರು ಜಾಸ್ತಿ ನಗುವುದು ಬೇಡ.

ಪ್ರಶ್ನೆ: ನರ್ಸರಿಯವರು ‘ವಿಯೆಟ್ನಾಂ ಮೆಣಸಿನ ಬಳ್ಳಿ’ ಎಂದು ದುಬಾರಿ ಬೆಲೆಗೆ ಕೊಡುತ್ತಿದ್ದಾರೆ. ತರಬಹುದೇ?

ಬೇಡ. ವಿಯೆಟ್ನಾಂನ ತೋಟಗಳಲ್ಲಿ ‘ಇಂಡಿಯಾ ಮೆಣಸು’ ಅಂತ ಬೆಳೆಯುವ ಬಳ್ಳಿ ನಮ್ಮ ಪಣಿಯೂರು ತಳಿಯೇ. ನಿಮ್ಮ ಹಿತ್ತಲಿನದ್ದೇ ಬಳ್ಳಿಗೆ ಪಾಸ್‌ಪೋರ್ಟ್ ಹಚ್ಚಿ ಮಾರುತ್ತಿಲ್ಲ ಅಂತ ಏನು ಗ್ಯಾರಂಟಿ? ಕಂಬಕ್ಕೆ ಹಬ್ಬಿಸಿ, ಒತ್ತೊತ್ತಾಗಿ ನೆಟ್ಟು, ಗೊಬ್ಬರ ಸುರಿದರೆ ಇಳುವರಿ ಬರುತ್ತದೆ, ರೋಗವೂ ಬರುತ್ತದೆ. ಅಲ್ಲಿನ ಗಿಯಾ ಲಾಯ್ ಪ್ರಾಂತ್ಯದಲ್ಲಿ ಸೊರಗು ರೋಗಕ್ಕೆ ತೋಟಕ್ಕೆ ತೋಟವೇ ಒಣಗಿ, ಬರೀ ಕಂಬ ಉಳಿದವು. ಅದೇ ಹೊತ್ತಿಗೆ ಬೆಲೆಯೂ ಬಿತ್ತು. 2015ರಲ್ಲಿ ಕಿಲೋಗೆ 2 ಲಕ್ಷ ಡಾಂಗ್ ಇದ್ದದ್ದು 2019ರ ಕೊನೆಗೆ 50,000ಕ್ಕಿಂತ ಕೆಳಗೆ. ಸಾಲ ತೀರಿಸಲಾಗದೆ ಊರು ಬಿಟ್ಟವರ ವಿಡಿಯೊ ಯಾರೂ ಹಾಕುವುದಿಲ್ಲ. ಬಾಟಲಿ ಔಷಧಿ ಮಾರುವವರು ಬಂದರೆ ಗೇಟಿನಲ್ಲೇ ಕಳುಹಿಸಿ.

ಪ್ರಶ್ನೆ: ಗೋಡಂಬಿಯಲ್ಲೂ ಅವರೇ ಮುಂದೆ ಅಂತೆ. ಅಷ್ಟೊಂದು ಬೆಳೆಯುತ್ತಾರಾ?

ಇಲ್ಲ. ಹಸಿ ಗೋಡಂಬಿಯ ದೊಡ್ಡ ಪಾಲು ಆಫ್ರಿಕಾ, ಕಾಂಬೋಡಿಯಾದಿಂದ ತರಿಸುತ್ತಾರೆ. ಯಂತ್ರದಲ್ಲಿ ಸಿಪ್ಪೆ ಬಿಡಿಸಿ ತಿರುಳು ರಫ್ತು ಮಾಡುತ್ತಾರೆ. ಮಂಗಳೂರಿನ ಕಾರ್ಖಾನೆಗಳೂ ಆಫ್ರಿಕಾದಿಂದಲೇ ತರಿಸುತ್ತವೆ. ಪೈಪೋಟಿ ಕಾರ್ಖಾನೆಯದ್ದು, ತೋಟದ್ದಲ್ಲ.

ಪ್ರಶ್ನೆ: ಅಲ್ಲಿ ಕಮ್ಯುನಿಸ್ಟ್ ಸರ್ಕಾರವೇ ಎಲ್ಲ ಬೆಳೆ ಕೊಳ್ಳುತ್ತದಂತೆ?

ಮೊದಲ ಉತ್ತರ ಮತ್ತೊಮ್ಮೆ ಓದಿ.

ಪ್ರಶ್ನೆ: ನಾನು ಅಲ್ಲಿ ಹತ್ತು ಎಕರೆ ಕಾಫಿ ತೋಟ ಕೊಳ್ಳಬಹುದೇ?

ಆಗುವುದಿಲ್ಲ. ವಿದೇಶಿಯರಿಗೆ ಅಲ್ಲಿ ಕೃಷಿ ಜಮೀನು ಸಿಗದು. ಕೊಡಿಸುತ್ತೇನೆ ಎಂದು ಮುಂಗಡ ಕೇಳಿದವರ ನಂಬರನ್ನು ಪೊಲೀಸರಿಗೆ ಕೊಡಿ.

ಪ್ರಶ್ನೆ: ಅಧ್ಯಯನ ಪ್ರವಾಸ ಅಂತ ಕರೆದುಕೊಂಡು ಹೋಗುತ್ತಾರೆ, ಹೋಗಲಾ?

ದುಡ್ಡಿದ್ದರೆ ಹೋಗಿ ಬನ್ನಿ, ಊರು ಚೆನ್ನಾಗಿದೆ. ಆದರೆ ಕೊಯ್ಲಿನ ಹೊತ್ತಿಗೆ ಹೋಗಬೇಡಿ, ಕೆಂಪು ಹಣ್ಣು ನೋಡಿ ಮರುಳಾಗುತ್ತೀರಿ. ಫೆಬ್ರುವರಿ, ಮಾರ್ಚ್‌ನಲ್ಲಿ ಹೋಗಿ. ಬಾವಿ ಎಷ್ಟು ಅಡಿ, ಡೀಸೆಲ್ ಎಷ್ಟು ಲೀಟರ್, ಬ್ಯಾಂಕಿನ ಸಾಲ ಎಷ್ಟು ಅಂತ ಕೇಳಿ. ಟೂರ್‌ನವರ ದುಭಾಷಿಯನ್ನು ನೆಚ್ಚಬೇಡಿ, ನಿಮ್ಮದೇ ಒಬ್ಬರನ್ನು ಕರೆದುಕೊಂಡು ಹೋಗಿ.