ಆಟಗಾರರು ಮಂಡಿಯೂರುವುದು ಪೊಲೀಸರ ಮೇಲಿನ ದ್ವೇಷದಿಂದಲೇ? ಅಮೆರಿಕದಲ್ಲಿರುವ ಕನ್ನಡಿಗರು ಹೇಳಿ

ನಿಮ್ಮ ಪ್ರಶ್ನೆ ಓದಿದೆ. 2021ರ ಟಿ20 ವಿಶ್ವಕಪ್‌ನಲ್ಲಿ ಪಾಕಿಸ್ತಾನದ ಎದುರು ಆಡುವ ಮುಂಚೆ ನಮ್ಮ ತಂಡ ದುಬೈನಲ್ಲಿ ಮಂಡಿಯೂರಿತ್ತು. ಇದು ಅಮೆರಿಕದಲ್ಲಿ ಪೊಲೀಸರನ್ನು ಬೈಯಲು ಹುಟ್ಟಿಕೊಂಡ ಪದ್ಧತಿ ಅಂತ ನಿಮ್ಮ ಗೆಳೆಯರು ಹೇಳಿದರಂತೆ. ಅದು ನಿಜವೇ, ಅಲ್ಲಿನ ಕಪ್ಪು ಜನಕ್ಕೆ ಪೊಲೀಸರೇ ಬೇಡವೇ, ಇಷ್ಟೆಲ್ಲ ಮಾಡಿ ಏನಾದರೂ ಬದಲಾಯಿತೇ ಅಂತ ಕೇಳಿದ್ದೀರಿ.

ದ್ವೇಷ ಅಲ್ಲ. ಪೊಲೀಸರು ಬೇಡ ಅಂತಲೂ ಅಲ್ಲ. ಇಷ್ಟನ್ನು ಖಂಡಿತ ಹೇಳಬಲ್ಲೆ. ಆದರೆ ನನಗೇ ಇದು ಅರ್ಥವಾಗಲು ಒಂದೆರಡು ವರ್ಷ ಹಿಡಿಯಿತು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ನಾನು 2011ರಿಂದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಹೊಸೆ ಸುತ್ತಮುತ್ತ ಇದ್ದೇನೆ. ಈ ಕಥೆ ಜಗತ್ತಿಗೆ ಗೊತ್ತಾಗಿದ್ದು ಇಲ್ಲೇ ಪಕ್ಕದ ಸಾಂಟಾ ಕ್ಲಾರಾದ ಸ್ಟೇಡಿಯಂನಿಂದ. 2016ರ ಆಗಸ್ಟ್ 26, ಸೀಸನ್ನಿಗೆ ಮುಂಚಿನ ಒಂದು ಪಂದ್ಯ. ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ಅನ್ನುವ ಅಮೆರಿಕನ್ ಫುಟ್‌ಬಾಲ್ ತಂಡದ ಕಾಲಿನ್ ಕೇಪರ್ನಿಕ್ ರಾಷ್ಟ್ರಗೀತೆ ಹಾಡುವಾಗ ಬೆಂಚಿನ ಮೇಲೆ ಕೂತೇ ಇದ್ದರು. ಅದಕ್ಕೂ ಮುಂಚಿನ ಎರಡು ಪಂದ್ಯಗಳಲ್ಲೂ ಕೂತಿದ್ದರು, ಯಾರೂ ಗಮನಿಸಿರಲಿಲ್ಲ. ಯಾಕೆ ಅಂತ ಕೇಳಿದಾಗ ಅವರು ಮುಚ್ಚುಮರೆ ಮಾಡಲಿಲ್ಲ. ಕಪ್ಪು ಜನರನ್ನು ತುಳಿಯುವ ದೇಶದ ಬಾವುಟಕ್ಕೆ ಹೆಮ್ಮೆ ತೋರಿಸಲು ಎದ್ದು ನಿಲ್ಲಲಾರೆ ಅಂದರು. ಬೀದಿಯಲ್ಲಿ ಹೆಣ ಬೀಳುತ್ತಿವೆ, ಕೊಂದವರು ಸಂಬಳ ಸಮೇತ ರಜೆ ಹಾಕಿ ಪಾರಾಗುತ್ತಿದ್ದಾರೆ ಅನ್ನುವುದು ಅವರ ಮಾತಿನ ಸಾರ.

ನಿಜ ಹೇಳಬೇಕೆಂದರೆ ನನಗೆ ಆಗ ಸಿಟ್ಟು ಬಂದಿತ್ತು. ಜನಗಣಮನ ಶುರುವಾದರೆ ಶಾಲೆಯ ಮೈದಾನದಲ್ಲಿ ಓಡುತ್ತಿದ್ದವರೂ ಕಂಬದ ಹಾಗೆ ನಿಂತುಬಿಡುತ್ತಿದ್ದ ಕಾಲದಲ್ಲಿ ಬೆಳೆದವನು ನಾನು. ಕೋಟಿಗಟ್ಟಲೆ ದುಡಿಯುವವರಿಗೆ ಒಂದೂವರೆ ನಿಮಿಷ ಎದ್ದು ನಿಲ್ಲಲು ಏನು ಕಷ್ಟ ಅಂತ ಆಫೀಸಿನಲ್ಲಿ ಊಟಕ್ಕೆ ಕೂತಾಗ ಹೇಳಿದ್ದೆ. ಎದುರಿಗೆ ಕೂತಿದ್ದ ಸಹೋದ್ಯೋಗಿ ಕಪ್ಪು ವರ್ಣದವರು. ಅವರು ಏನೂ ಅನ್ನಲಿಲ್ಲ, ತಟ್ಟೆ ನೋಡಿಕೊಂಡು ಊಟ ಮಾಡಿದರು. ಆ ಮೌನ ನನಗೆ ಇವತ್ತಿಗೂ ನೆನಪಿದೆ.

ಕೂತಿದ್ದವರು ಮಂಡಿಯೂರಿದ್ದು ಹೇಗೆ ಅನ್ನುವುದು ತುಂಬಾ ಜನಕ್ಕೆ ಗೊತ್ತಿಲ್ಲ. ನೇಟ್ ಬೋಯರ್ ಅಂತ ಒಬ್ಬರು. ಅಮೆರಿಕ ಸೇನೆಯ ವಿಶೇಷ ಪಡೆಯಲ್ಲಿದ್ದವರು, ಆಮೇಲೆ ಸ್ವಲ್ಪ ದಿನ ಫುಟ್‌ಬಾಲ್ ಆಡಿದವರು. ಕೇಪರ್ನಿಕ್ ಕೂತಿದ್ದು ಅವರಿಗೆ ನೋವಾಯಿತು. ಬೈಯುವ ಬದಲು ಒಂದು ಬಹಿರಂಗ ಪತ್ರ ಬರೆದರು. ಇಬ್ಬರೂ ಸ್ಯಾನ್ ಡಿಯಾಗೋದಲ್ಲಿ ಭೇಟಿಯಾಗಿ ಮಾತಾಡಿದರು. ಕೂತರೆ ಸೈನಿಕರಿಗೆ ಅವಮಾನ ಅನಿಸುತ್ತದೆ, ನಾವು ಸತ್ತ ಜೊತೆಗಾರನ ಸಮಾಧಿ ಮುಂದೆ ಮಂಡಿಯೂರುತ್ತೇವೆ, ಹಾಗೆ ಮಾಡಬಹುದಲ್ಲ ಅಂತ ಬೋಯರ್ ಸೂಚಿಸಿದರು. ಸೆಪ್ಟೆಂಬರ್ 1ರ ಪಂದ್ಯದಲ್ಲಿ ಕೇಪರ್ನಿಕ್ ಮಂಡಿಯೂರಿದರು, ಅವರ ಜೊತೆ ಎರಿಕ್ ರೀಡ್ ಕೂಡ. ಪಕ್ಕದಲ್ಲಿ ಬೋಯರ್ ಎದೆಯ ಮೇಲೆ ಕೈಯಿಟ್ಟು ನಿಂತಿದ್ದರು. ಅಂದರೆ ಈ ಮಂಡಿಯೂರುವಿಕೆ ಗೌರವ ಉಳಿಸಿಕೊಂಡು ದೂರು ಹೇಳುವುದು ಹೇಗೆ ಅಂತ ಒಬ್ಬ ಸೈನಿಕ ಮತ್ತು ಒಬ್ಬ ಆಟಗಾರ ಸೇರಿ ಯೋಚಿಸಿ ಮಾಡಿದ್ದು.

ಕೇಪರ್ನಿಕ್ ಒಂದು ತಪ್ಪು ಮಾಡಿದರು ಅಂತಲೂ ನನಗನಿಸುತ್ತದೆ. ಆ ಆಗಸ್ಟ್‌ನಲ್ಲೇ ಅಭ್ಯಾಸದ ವೇಳೆ ಅವರು ಹಾಕಿದ್ದ ಕಾಲುಚೀಲದ ಮೇಲೆ ಪೊಲೀಸ್ ಟೋಪಿ ಹಾಕಿದ ಹಂದಿಗಳ ಚಿತ್ರ ಇತ್ತು. ಕೆಟ್ಟ ಪೊಲೀಸರನ್ನು ಮಾತ್ರ ಉದ್ದೇಶಿಸಿದ್ದು, ನನ್ನ ಬಂಧುಗಳಲ್ಲೂ ಪೊಲೀಸರಿದ್ದಾರೆ ಅಂತ ಅವರು ವಿವರಣೆ ಕೊಟ್ಟರು. ಆದರೆ ಕೇಳಲು ಮನಸ್ಸಿಲ್ಲದವರ ಕೈಗೆ ಕೋಲು ಕೊಟ್ಟ ಹಾಗಾಯಿತು. ಸ್ಟೇಡಿಯಂನ ಪಂದ್ಯಗಳಿಗೆ ಕಾವಲು ಬರುತ್ತಿದ್ದ ಸಾಂಟಾ ಕ್ಲಾರಾ ಪೊಲೀಸರ ಸಂಘ ತಂಡಕ್ಕೆ ಪತ್ರ ಬರೆದು, ಹೀಗೇ ನಡೆದರೆ ನಮ್ಮವರು ಕೆಲಸಕ್ಕೆ ಬರದೇ ಇರಬಹುದು ಅಂದಿತು. ಪೊಲೀಸ್ ಮುಖ್ಯಸ್ಥರೇ ಮಧ್ಯೆ ಬಂದು ಸಮಾಧಾನ ಮಾಡಬೇಕಾಯಿತು.

ಕೇಪರ್ನಿಕ್ ಕೂತದ್ದು ಸುದ್ದಿಯಾಗುವುದಕ್ಕೂ ಒಂದೂವರೆ ತಿಂಗಳು ಮುಂಚೆ ಮಿನೆಸೋಟಾ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ ನಡೆದದ್ದನ್ನು ಮಾತ್ರ ಯಾರೂ ಜಾಸ್ತಿ ಹೇಳುವುದಿಲ್ಲ. ನಿಮ್ಮ ಗೆಳೆಯರಿಗೆ ದಯವಿಟ್ಟು ಇದನ್ನೇ ಹೇಳಿ.

2016ರ ಜುಲೈ 5ರಂದು ಬ್ಯಾಟನ್ ರೂಜ್ ನಗರದಲ್ಲಿ ಕಪ್ಪು ವರ್ಣದ ಆಲ್ಟನ್ ಸ್ಟರ್ಲಿಂಗ್ ಪೊಲೀಸರ ಗುಂಡಿಗೆ ಸತ್ತರು. ಮಾರನೇ ದಿನ ಮಿನೆಸೋಟಾದಲ್ಲಿ ಫಿಲಾಂಡೋ ಕ್ಯಾಸ್ಟೀಲ್, ಅವರೂ ಕಪ್ಪು ವರ್ಣದವರೇ. ಇವರು ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದವರು. ಪೊಲೀಸರು ಕಾರು ನಿಲ್ಲಿಸಿದಾಗ, ನನ್ನ ಬಳಿ ಬಂದೂಕಿದೆ ಅಂತ ತಾವೇ ಮುಂಚಿತವಾಗಿ ಹೇಳಿದರು. ಅದಕ್ಕೆ ಅವರ ಬಳಿ ಲೈಸೆನ್ಸ್ ಇತ್ತು. ಆದರೂ ಗುಂಡು ಬಿತ್ತು. ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಮಗು ಕೂತಿತ್ತು. ಅದರ ಮಾರನೇ ದಿನ, ಜುಲೈ 7ರಂದು, ಡಲ್ಲಾಸ್‌ನಲ್ಲಿ ಒಬ್ಬ ಹೊಂಚುಹಾಕಿ ಐವರು ಪೊಲೀಸರನ್ನು ಕೊಂದ.

ಜುಲೈ 9ರಂದು ಮಿನೆಸೋಟಾ ಲಿಂಕ್ಸ್ ಅನ್ನುವ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡ ಪಂದ್ಯಕ್ಕೆ ಮುಂಚೆ ಕಪ್ಪು ಟೀ ಶರ್ಟ್ ಹಾಕಿಕೊಂಡು ಬಂತು. ಬೆನ್ನ ಮೇಲೆ ಸ್ಟರ್ಲಿಂಗ್ ಮತ್ತು ಕ್ಯಾಸ್ಟೀಲ್ ಹೆಸರು. ಅದೇ ಬೆನ್ನ ಮೇಲೆ ಡಲ್ಲಾಸ್ ಪೊಲೀಸರ ಬ್ಯಾಡ್ಜಿನ ಚಿತ್ರ ಕೂಡ. ಸತ್ತ ನಾಗರಿಕರಿಗೂ ಸತ್ತ ಪೊಲೀಸರಿಗೂ ಒಂದೇ ಬಟ್ಟೆಯಲ್ಲಿ ಜಾಗ ಕೊಟ್ಟಿದ್ದರು. ಇದಕ್ಕಿಂತ ಇನ್ನೇನು ಮಾಡಲು ಸಾಧ್ಯ ಹೇಳಿ? ಆದರೂ ಅಲ್ಲಿ ಕಾವಲಿಗಿದ್ದ, ಡ್ಯೂಟಿ ಮುಗಿದ ಮೇಲೆ ಬಂದಿದ್ದ ನಾಲ್ವರು ಮಿನಿಯಾಪೊಲಿಸ್ ಪೊಲೀಸರು ಕೆಲಸ ಬಿಟ್ಟು ಎದ್ದುಹೋದರು. ಅವರ ಸಂಘದ ಮುಖ್ಯಸ್ಥ ಅವರನ್ನು ಹೊಗಳಿದರು. ಆ ನಾಲ್ವರ ನೋವೂ ನನಗೆ ಅರ್ಥವಾಗುತ್ತದೆ, ಎರಡು ದಿನದ ಹಿಂದಷ್ಟೇ ತಮ್ಮಂಥ ಐವರು ಸತ್ತಿದ್ದರು. ಆದರೆ ಆ ಹುಡುಗಿಯರ ಬೆನ್ನ ಮೇಲೆ ಇದ್ದದ್ದನ್ನು ಪೂರ್ತಿ ಓದಿದ್ದರೆ ಅನಿಸುತ್ತದೆ.

ಈಗ ನಮ್ಮ ಮನೆಯ ಕಥೆ. 2017ರ ಚಳಿಗಾಲದಲ್ಲಿ ಅಪ್ಪ ತಿಪಟೂರಿನಿಂದ ಬಂದಿದ್ದರು. ಮೇಷ್ಟ್ರಾಗಿದ್ದವರು. ಬೆಳಿಗ್ಗೆ ಐದೂವರೆಗೆ ವಾಕಿಂಗ್ ಹೋಗದಿದ್ದರೆ ಅವರಿಗೆ ದಿನ ಶುರುವಾಗುವುದಿಲ್ಲ. ಮಂಕಿ ಕ್ಯಾಪು, ಮೇಲೊಂದು ಶಾಲು. ಯಾರದೋ ಮನೆ ಮುಂದೆ ನಿಂಬೆಗಿಡ ಕಂಡರೆ ನಿಂತು ಕಾಯಿ ಎಣಿಸುವುದು ಅವರ ಅಭ್ಯಾಸ. ಒಂದು ದಿನ ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಗಾಡಿ ಬಂತು. ಅಪ್ಪನಿಗೆ ಅವರ ಇಂಗ್ಲಿಷ್ ಉಚ್ಚಾರಣೆ ಅರ್ಥವಾಗಲಿಲ್ಲ. ವಿಳಾಸ ಬರೆದ ಚೀಟಿ ಕೊಡೋಣ ಅಂತ ಕೋಟಿನ ಒಳಜೇಬಿಗೆ ಕೈಹಾಕಿದರು.

ಆ ಪೊಲೀಸ್ ಒಳ್ಳೆಯವನು. ಎರಡು ಹೆಜ್ಜೆ ಹಿಂದೆ ಸರಿದು, ನಿಧಾನ, ನಿಧಾನ ಅಂತ ಕೈಸನ್ನೆ ಮಾಡಿ, ಚೀಟಿ ಓದಿ, ಮನೆಯ ಬಾಗಿಲವರೆಗೆ ಬಿಟ್ಟುಹೋದ. ಚಿನ್ನದಂಥ ಹುಡುಗ ಅಂತ ಅಪ್ಪ ಕಾಫಿ ಕುಡಿಯುತ್ತಾ ಹೊಗಳಿದರು. ನನಗೆ ಮಾತ್ರ ಕಾಲು ನಡುಗುತ್ತಿತ್ತು. ಯಾಕೆಂದರೆ 2015ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ ನಡೆದದ್ದು ನನಗೆ ಗೊತ್ತಿತ್ತು. ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದಿದ್ದ 57 ವರ್ಷದ ಒಬ್ಬರು ಹೀಗೇ ಬೆಳಿಗ್ಗೆ ನಡೆಯುತ್ತಿದ್ದರು. ಯಾರೋ ಫೋನ್ ಮಾಡಿ, ಸಣಕಲು ಕಪ್ಪು ಮನುಷ್ಯನೊಬ್ಬ ಓಡಾಡುತ್ತಿದ್ದಾನೆ ಅಂದರು. ಅಜ್ಜನಿಗೆ ಇಂಗ್ಲಿಷ್ ಬರದು. ಪೊಲೀಸನೊಬ್ಬ ಅವರನ್ನು ನೆಲಕ್ಕೆ ಅಪ್ಪಳಿಸಿದ. ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲು ಭಾಗಶಃ ಸ್ವಾಧೀನ ತಪ್ಪಿತು. ರಾಜ್ಯದ ಗವರ್ನರ್ ಭಾರತದ ಕ್ಷಮೆ ಕೇಳಿದರು. ಎರಡು ಸಲ ವಿಚಾರಣೆ ನಡೆದರೂ ಜ್ಯೂರಿ ಒಂದು ತೀರ್ಮಾನಕ್ಕೆ ಬರಲಿಲ್ಲ, ಕೊನೆಗೆ ನ್ಯಾಯಾಧೀಶರು ಆ ಪೊಲೀಸನನ್ನು ಬಿಡುಗಡೆ ಮಾಡಿದರು.

ಮಾರನೇ ದಿನ ಅದೇ ಸಹೋದ್ಯೋಗಿಗೆ ಅಪ್ಪನ ವಿಷಯ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಆಗ ನಿಮ್ಮ ತಂದೆಯ ಕೈ ಎಲ್ಲಿತ್ತು?"

ಆಮೇಲೆ ಅವರು ಮಾತಾಡಿದರು. 14 ವರ್ಷದ ಮಗನಿಗೆ ಏನೇನು ಕಲಿಸಿದ್ದಾರೆ ಅಂತ. ಪೊಲೀಸರು ಕಾರು ನಿಲ್ಲಿಸಿದರೆ ಕೈ ಎರಡೂ ಎದುರಿಗೆ ಕಾಣುವ ಹಾಗೆ ಇರಬೇಕು. ಕತ್ತಲಾಗಿದ್ದರೆ ಒಳಗಿನ ದೀಪ ಹಾಕಬೇಕು. ಲೈಸೆನ್ಸ್ ತೆಗೆಯುವ ಮುಂಚೆ, ತೆಗೆಯುತ್ತೇನೆ ಅಂತ ಬಾಯಿಬಿಟ್ಟು ಹೇಳಬೇಕು. ನಾವು ಮಕ್ಕಳಿಗೆ ರಸ್ತೆ ದಾಟುವುದನ್ನು ಕಲಿಸುವ ಹಾಗೆ ಅವರು ಇದನ್ನು ಕಲಿಸುತ್ತಾರೆ.

ಇದೇ ಮನುಷ್ಯ ಸ್ವಲ್ಪ ದಿನದ ಮೇಲೆ ಪಾರ್ಕಿಂಗ್‌ನಲ್ಲಿ ತಮ್ಮ ಕಾರಿನ ಗಾಜು ಒಡೆದು ಬ್ಯಾಗು ಕದ್ದಾಗ ಮೊದಲು ಫೋನ್ ಮಾಡಿದ್ದು ಪೊಲೀಸರಿಗೇ. ಅವರು ಬರುವುದು ತಡವಾಯಿತು ಅಂತ ಸಿಟ್ಟಾಗಿದ್ದರು. ನಾನು ನೋಡಿದ್ದನ್ನು ಗಮನಿಸಿ ಅವರೇ ಹೇಳಿದರು: "ಪೊಲೀಸರು ಬೇಗ ಬರಬೇಕು. ಬಂದ ಮೇಲೆ ನಾನು ಯಾರು, ಕಳ್ಳ ಯಾರು ಅಂತ ಗೊತ್ತಾಗಬೇಕು. ನಾನು ಕೇಳುವುದು ಎರಡನ್ನೂ."

ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ ಇದೇ. ಇದು ಸುಮ್ನೆ ಒಬ್ಬರ ಮಾತಲ್ಲ. ಜನಾಭಿಪ್ರಾಯ ಕೇಳುವ ಗ್ಯಾಲಪ್ ಸಂಸ್ಥೆಯ ಸಮೀಕ್ಷೆ ನೋಡಿ. 2020ರ ಬೇಸಿಗೆಯಲ್ಲಿ ಪೊಲೀಸರ ಮೇಲೆ ವಿಶ್ವಾಸ ಇದೆ ಅಂದ ಕಪ್ಪು ಅಮೆರಿಕನ್ನರು ಬರೀ 19%, ಬಿಳಿಯರು 56%. ಆದರೆ ಅದೇ ಬೇಸಿಗೆಯಲ್ಲಿ, ನಿಮ್ಮ ಬಡಾವಣೆಯಲ್ಲಿ ಪೊಲೀಸರು ಈಗಿನಷ್ಟೇ ಅಥವಾ ಇನ್ನೂ ಜಾಸ್ತಿ ಹೊತ್ತು ಇರಬೇಕೇ ಅಂತ ಕೇಳಿದಾಗ ಹೌದು ಅಂದ ಕಪ್ಪು ಜನ 81%. ಜಾರ್ಜ್ ಫ್ಲಾಯ್ಡ್ ಅನ್ನುವ ಕಪ್ಪು ವ್ಯಕ್ತಿ 2020ರಲ್ಲಿ ಪೊಲೀಸರ ಕೈಯಲ್ಲಿ ಸತ್ತ ಮಿನಿಯಾಪೊಲಿಸ್‌ನಲ್ಲೇ 2021ರ ನವೆಂಬರ್‌ನಲ್ಲಿ ಪೊಲೀಸ್ ಇಲಾಖೆ ತೆಗೆದು ಬೇರೆ ಇಲಾಖೆ ಮಾಡೋಣವೇ ಅಂತ ಮತಕ್ಕೆ ಹಾಕಿದಾಗ ಸುಮಾರು 56% ಜನ ಬೇಡ ಅಂದರು.

ಬದಲಾಯಿತೇ? ಮಂಡಿಯೂರಿದ ತಕ್ಷಣ ಜನರ ಮನಸ್ಸು ಬದಲಾಗಲಿಲ್ಲ. ಕೇಪರ್ನಿಕ್ ಮಂಡಿಯೂರಿದ 2016ರಲ್ಲೇ, ಅಕ್ಟೋಬರ್‌ನಲ್ಲಿ, ತಮ್ಮ ಊರಿನ ಪೊಲೀಸರ ಮೇಲೆ ತುಂಬಾ ಗೌರವ ಇದೆ ಅಂದವರು 76%. ಹಿಂದಿನ ವರ್ಷಕ್ಕಿಂತ 12 ಅಂಶ ಮೇಲೆ. ಡಲ್ಲಾಸ್‌ನಲ್ಲಿ ಪೊಲೀಸರು ಸತ್ತದ್ದು ಅದಕ್ಕೆ ಒಂದು ಕಾರಣ ಇರಬೇಕು. ಕೇಪರ್ನಿಕ್ ಅವರನ್ನಂತೂ 2017ರಿಂದ ಯಾವ ತಂಡವೂ ತೆಗೆದುಕೊಳ್ಳಲಿಲ್ಲ. ಮನಸ್ಸು ಅಲುಗಾಡಿದ್ದು 2020ರ ಮೇ 25ರಂದು, ಒಬ್ಬ ಪೊಲೀಸ್ ಅಧಿಕಾರಿ ಫ್ಲಾಯ್ಡ್ ಕುತ್ತಿಗೆಯ ಮೇಲೆ ಒಂಬತ್ತು ನಿಮಿಷಕ್ಕೂ ಜಾಸ್ತಿ ಮಂಡಿಯೂರಿದ್ದನ್ನು ಎಲ್ಲರೂ ಫೋನಿನಲ್ಲಿ ನೋಡಿದಾಗ. ಆಟಗಾರರ ಮಾತು ಮೊದಲೇ ಕೇಳದೆ ತಪ್ಪು ಮಾಡಿದೆವು ಅಂತ ಫುಟ್‌ಬಾಲ್ ಲೀಗಿನ ಮುಖ್ಯಸ್ಥ ರೋಜರ್ ಗುಡೆಲ್ ಹೇಳಿದ್ದು ಆಮೇಲೆ. ಕೇಪರ್ನಿಕ್ ಹೆಸರನ್ನು ಮಾತ್ರ ಎತ್ತಲಿಲ್ಲ.

ಅದೇ 2020ರ ಆಗಸ್ಟ್ 26ರಂದು ಮಿಲ್ವಾಕಿ ಬಕ್ಸ್ ಬ್ಯಾಸ್ಕೆಟ್‌ಬಾಲ್ ತಂಡ ಪ್ಲೇಆಫ್ ಪಂದ್ಯಕ್ಕೆ ಅಂಕಣಕ್ಕೇ ಬರಲಿಲ್ಲ. ಅವರ ಊರಿನ ಹತ್ತಿರದ ಕೆನೋಶಾದಲ್ಲಿ ಜೇಕಬ್ ಬ್ಲೇಕ್ ಅನ್ನುವ ಕಪ್ಪು ವ್ಯಕ್ತಿಯ ಬೆನ್ನಿಗೆ ಪೊಲೀಸರು ಗುಂಡು ಹೊಡೆದು ಮೂರು ದಿನ ಆಗಿತ್ತು. ಡ್ರೆಸಿಂಗ್ ರೂಮಿನಿಂದಲೇ ರಾಜ್ಯದ ಅಟಾರ್ನಿ ಜನರಲ್ ಜೊತೆ ಫೋನಿನಲ್ಲಿ ಮಾತಾಡಿ, ಹೊರಗೆ ಬಂದು ಹೇಳಿಕೆ ಓದಿದ ಇಬ್ಬರಲ್ಲಿ ಒಬ್ಬರು ಸ್ಟರ್ಲಿಂಗ್ ಬ್ರೌನ್. 2018ರ ಜನವರಿಯಲ್ಲಿ ಕಾರನ್ನು ಅಡ್ಡಾದಿಡ್ಡಿ ನಿಲ್ಲಿಸಿದ್ದಕ್ಕೆ ಮಿಲ್ವಾಕಿ ಪೊಲೀಸರು ಇದೇ ಹುಡುಗನನ್ನು ಕೆಳಗೆ ಕೆಡವಿ ಟೇಸರ್ ಅನ್ನುವ ಕರೆಂಟ್ ಹೊಡೆಯುವ ಬಂದೂಕು ಪ್ರಯೋಗಿಸಿದ್ದರು. ಊರಿನ ತಂಡಕ್ಕೆ ಆಡುವವನು ಅನ್ನುವುದು ಆ ಹೊತ್ತಿನಲ್ಲಿ ಅವನನ್ನು ಕಾಪಾಡಲಿಲ್ಲ. ದಂಡದ ಚೀಟಿಯಲ್ಲಿ ಮುಗಿಯಬೇಕಿದ್ದ ವಿಷಯಕ್ಕೆ ನಗರ ಕೊನೆಗೆ 7,50,000 ಡಾಲರ್ ಪರಿಹಾರ ಕೊಟ್ಟಿತು.

ಇನ್ನು ದುಬೈ ವಿಷಯ. ಅಂದು ಪಿಚ್ ಹತ್ತಿರ ರೋಹಿತ್ ಮತ್ತು ನಮ್ಮ ರಾಹುಲ್ ಮಂಡಿಯೂರಿದರು, ಉಳಿದವರು ಬೌಂಡರಿ ಆಚೆ. ಪಾಕಿಸ್ತಾನದವರು ಎದೆಯ ಮೇಲೆ ಕೈಯಿಟ್ಟುಕೊಂಡರು. ಮ್ಯಾನೇಜ್‌ಮೆಂಟ್ ಹೇಳಿತು, ಮಾಡಿದೆವು ಅನ್ನುವ ಅರ್ಥದಲ್ಲಿ ಕೊಹ್ಲಿ ಆಮೇಲೆ ಹೇಳಿದರು. ಮಾಡಿದ್ದು ಒಳ್ಳೆಯದೇ, ನನಗೆ ಬೇಸರ ಇಲ್ಲ. ಆದರೆ ಅದಕ್ಕೆ ಒಂದು ವರ್ಷದ ಮುಂಚೆ ವೆಸ್ಟ್ ಇಂಡೀಸ್‌ನ ಡ್ಯಾರೆನ್ ಸ್ಯಾಮಿ, ಐಪಿಎಲ್‌ನಲ್ಲಿ ಹೈದರಾಬಾದ್ ತಂಡದಲ್ಲಿದ್ದಾಗ ತಮ್ಮನ್ನು 'ಕಾಲೂ' ಅಂತ ಕರೆಯುತ್ತಿದ್ದರು, ಅದರ ಅರ್ಥ ಈಗ ಗೊತ್ತಾಯಿತು ಅಂತ ನೊಂದುಕೊಂಡು ಹೇಳಿದ್ದರು. ಇಲ್ಲಿ ನಮ್ಮ ಕನ್ನಡದವರ ಮನೆಗಳಲ್ಲೂ ಊಟಕ್ಕೆ ಸೇರಿದಾಗ 'ಕರಿಯ' ಅನ್ನುವ ಮಾತು ಸಲೀಸಾಗಿ ಬರುತ್ತದೆ. ಮೊದಲು ನಾನೂ ಸುಮ್ಮನಿರುತ್ತಿದ್ದೆ. ಈಗ ಇರುವುದಿಲ್ಲ. ಹಾಗನ್ನಬೇಡಿ ಅಂತ ಹೇಳಿದಾಗ ಇಬ್ಬರು ಸ್ನೇಹಿತರು ಮುನಿಸಿಕೊಂಡಿದ್ದಾರೆ, ಅದರಲ್ಲಿ ಒಬ್ಬರು ಇನ್ನೂ ಮಾತಾಡಿಸುತ್ತಿಲ್ಲ.