ಕವಚ ತೊಟ್ಟವನ ಕಾಲಡಿಯ ನೆಲ

ಪ್ರಶ್ನೆ: ಗೆಳೆಯರೆಲ್ಲ ಸೇರಿ ಒಂದು ಸೈನ್ಸ್ ಫಿಕ್ಷನ್ ರೋಲ್‌ಪ್ಲೇಯಿಂಗ್ ಗೇಮ್ (ಪಾತ್ರ ವಹಿಸಿ ದಾಳ ಎಸೆದು ಆಡುವ ಆಟ) ಕಟ್ಟುತ್ತಿದ್ದೇವೆ. ನಮ್ಮ ಪವರ್ ಆರ್ಮರ್, ಅಂದರೆ ಸೈನಿಕ ಮೈಮೇಲೆ ತೊಡುವ ಯಂತ್ರಕವಚ, ಒಂದು ಟನ್ ಎತ್ತುತ್ತದೆ, ವಾರಗಟ್ಟಲೆ ಓಡುತ್ತದೆ. ಹಾಗಾಗಿ ಯುದ್ಧವಾಹನ ಹತ್ತುವವರೇ ಇಲ್ಲ. ಏನು ಮಾಡೋಣ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಗುಂಡು ತಡೆಯುವ ಅಂಕ ಆಮೇಲಿರಲಿ, ಮೊದಲು ತೂಕ ಬರೆಯಿರಿ. ನನ್ನ ಆಟದಲ್ಲಿ ಕವಚ 150 ಕೆಜಿ, ಒಳಗಿನ ಮನುಷ್ಯ 70, ಬ್ಯಾಟರಿ 40, ಆಯುಧ 40, ಒಟ್ಟು 300. ನಡೆಯುವಾಗ ಅಷ್ಟೂ ಭಾರ ಒಂದೇ ಪಾದದ ಮೇಲೆ ಬೀಳುತ್ತದೆ. ಪಾದ 200 ಚದರ ಸೆಂಟಿಮೀಟರ್ ಇದ್ದರೆ, ಪ್ರತಿ ಚದರ ಸೆಂಟಿಮೀಟರಿಗೆ ಒಂದೂವರೆ ಕೆಜಿ. ಸುಮಾರು 60 ಟನ್ನಿನ ಅಬ್ರಾಮ್ಸ್ ಟ್ಯಾಂಕು ಅಗಲವಾದ ಪಟ್ಟಿಗಳ ಮೇಲೆ ನಿಂತು ನೆಲ ಒತ್ತುವುದು ಒಂದು ಕೆಜಿಯ ಆಸುಪಾಸು! ಟ್ಯಾಂಕು ದಾಟಿಹೋದ ಕೆಸರಿನಲ್ಲಿ ನಿಮ್ಮ ವೀರ ಹೂತುಕೊಳ್ಳುತ್ತಾನೆ. ಈ ಲೆಕ್ಕ ಮೊದಲ ಸಲ ಹಾಕಿದ ರಾತ್ರಿ ನಾನು ಆಟದ ನಕಾಶೆಯನ್ನೇ ಹೊಸದಾಗಿ ಬರೆದೆ. ಜೌಗು ಬಂತು, ಮರದ ಸೇತುವೆ ಬಂತು, ಹಲಗೆ ಅಟ್ಟದ ಮನೆ ಬಂತು. ಹೆಜ್ಜೆ ಇಡುವ ಮುನ್ನ ಆಟಗಾರರು ನೆಲ ಎಂಥದ್ದೆಂದು ಕೇಳತೊಡಗಿದರು. ನನಗೆ ಬೇಕಿದ್ದದ್ದೂ ಅದೇ.

ಇನ್ನು ಬ್ಯಾಟರಿ. ಲಿಥಿಯಂನದು ಕೆಜಿಗೆ 200 ವ್ಯಾಟ್-ಗಂಟೆ ಹಿಡಿದರೆ 40 ಕೆಜಿಗೆ 8 ಯೂನಿಟ್ (ಕಿಲೋವ್ಯಾಟ್-ಗಂಟೆ). ನಡಿಗೆಗೆ 2 ಕಿಲೋವ್ಯಾಟ್ ಎಂದು ನಾನು ಇಟ್ಟುಕೊಂಡಿದ್ದೇನೆ. ನಾಲ್ಕು ಗಂಟೆಗೆ ಖಾಲಿ. ಡೀಸೆಲ್ ಜನರೇಟರು ಲೀಟರಿಗೆ ಮೂರು ಯೂನಿಟ್‌ನಷ್ಟು ಕೊಡುತ್ತದೆ. ಅದನ್ನು ವಾಹನದೊಳಗೆ ಕೂರಿಸಿ. ಮೂರು ಲೀಟರಿನೊಳಗೆ ಒಂದು ಕವಚಕ್ಕೆ ಮತ್ತೆ ಜೀವ. ಆಗ ವಾಹನ ಸುಟ್ಟುಹೋದರೆ ಎಲ್ಲರಿಗೂ ನಾಲ್ಕೇ ಗಂಟೆ ಉಳಿಯುತ್ತದೆ; ವಾಹನವನ್ನು ಕಾಯಲು ಆಟಗಾರರು ತಾವಾಗಿಯೇ ನಿಲ್ಲುತ್ತಾರೆ.

ಒಂದು ಟನ್ ಎತ್ತುವ ಆಸೆ ಬಿಡಬೇಡಿ, ಆದರೆ ಅದಕ್ಕೆ ಬೆಲೆ ಇಡಿ. 1960ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಹಾರ್ಡಿಮನ್ ಎಂಬ ಯಂತ್ರಕವಚ ಕಟ್ಟಿತು. ತೂಕ ಸುಮಾರು 680 ಕೆಜಿ, ಅಷ್ಟೇ ಭಾರ ಎತ್ತಬೇಕೆಂಬ ಗುರಿ. ಇಡೀ ಕವಚಕ್ಕೆ ಒಟ್ಟಿಗೆ ಶಕ್ತಿ ಕೊಟ್ಟಾಗ ಅದು ಹಿಡಿತಕ್ಕೆ ಸಿಗದೆ ಒದ್ದಾಡಿತು. ಕೊನೆಗೆ ಪಳಗಿದ್ದು ಒಂದೇ ತೋಳು. ಹಾಗಾಗಿ ನನ್ನ ಆಟದಲ್ಲಿ ಹೊಸಬ ಕವಚ ತೊಟ್ಟಾಗ ದಾಳದಲ್ಲಿ ಕೆಟ್ಟ ಅಂಕ ಬಿದ್ದರೆ ಆಯುಧ ಕೈಕೊಡುವುದಿಲ್ಲ, ತೋಳು ಬೇಕಾದ್ದಕ್ಕಿಂತ ಜೋರಾಗಿ ಬೀಸುತ್ತದೆ. ಪಕ್ಕದಲ್ಲಿ ಯಾರು ನಿಂತಿದ್ದಾರೆಂದು ದಾಳ ಎಸೆಯುವ ಮೊದಲೇ ಕೇಳಿಬಿಡಿ.